ಎಂಜಿ ಎಷ್ಟು, ಎಂಎಲ್ ಎಷ್ಟು

ಜ್ವರದ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದ ಆ ತಾಯಿಯ ಕೈಯಲ್ಲಿ ಎರಡು ಬಾಟಲಿಗಳಿದ್ದವು. ಒಂದು ಪ್ಯಾರಾಸಿಟಮಾಲ್ ಸಿರಪ್, ಇನ್ನೊಂದು ಪ್ಯಾರಾಸಿಟಮಾಲ್ ಡ್ರಾಪ್ಸ್. ಸಿರಪ್ ಖಾಲಿಯಾಗಿತ್ತು, ಮೆಡಿಕಲ್ ಶಾಪಿನವರು ಈ ಸಲ ಡ್ರಾಪ್ಸ್ ಕೊಟ್ಟಿದ್ದರು. ‘ಹೋದ ಸಲ 6 ಎಂಎಲ್ ಕುಡಿಸಿ ಅಂದಿದ್ರಿ ಸಿಸ್ಟರ್, ಇದನ್ನೂ ಅಷ್ಟೇ ಕುಡಿಸ್ಲಾ?’ ಎಂದು ಕೇಳಿದಳು. ನನ್ನ ಪಕ್ಕದಲ್ಲಿ ಎರಡನೇ ವರ್ಷದ ವಿದ್ಯಾರ್ಥಿನಿ ನಿಂತಿದ್ದಳು. ಎರಡು ಬಾಟಲಿಯ ಮೇಲೂ ಒಂದೇ ಹೆಸರು ಕಂಡವಳೇ ‘ಹೂಂ, ಅಷ್ಟೇ ಕುಡಿಸಿ’ ಅಂದುಬಿಟ್ಟಳು.

ನಾನು ಗದರಲಿಲ್ಲ. ಎರಡೂ ಬಾಟಲಿಗಳನ್ನು ಅವಳ ಕೈಗೆ ಕೊಟ್ಟು, ಹೆಸರಿನ ಕೆಳಗಿನ ಸಣ್ಣಕ್ಷರ ಓದಮ್ಮಾ ಅಂದೆ. ಸಿರಪ್ಪಿನ ಮೇಲೆ 5 ಎಂಎಲ್‌ನಲ್ಲಿ 125 ಎಂಜಿ ಎಂದಿತ್ತು. ಡ್ರಾಪ್ಸ್ ಮೇಲೆ 1 ಎಂಎಲ್‌ನಲ್ಲಿ 100 ಎಂಜಿ. ಮಗುವಿನ ತೂಕ 10 ಕೆಜಿ. ಕೆಜಿಗೆ 15 ಎಂಜಿಯಂತೆ ಒಂದು ಸಲಕ್ಕೆ ಬೇಕಾದದ್ದು 150 ಎಂಜಿ. ಸಿರಪ್ಪಿನಲ್ಲಿ ಅದು 6 ಎಂಎಲ್, ಡ್ರಾಪ್ಸ್‌ನಲ್ಲಿ ಬರೀ ಒಂದೂವರೆ. ಡ್ರಾಪ್ಸನ್ನೇ 6 ಎಂಎಲ್ ಕುಡಿಸಿದ್ದರೆ ಆ ಕೂಸಿನ ಹೊಟ್ಟೆಗೆ 600 ಎಂಜಿ ಹೋಗುತ್ತಿತ್ತು, ನಾಲ್ಕು ಪಟ್ಟು. ಅದೂ ದಿನಕ್ಕೆ ನಾಲ್ಕು ಸಲ, ಮೂರು ದಿನ. ಲೆಕ್ಕ ಮುಗಿಸಿದ ಹುಡುಗಿಯ ಮುಖ ಬಿಳಿಚಿಕೊಂಡಿತು. ಅವಳು ದಡ್ಡಿಯಲ್ಲ. ಪ್ಯಾರಾಸಿಟಮಾಲ್ ಬಗ್ಗೆ ಪರೀಕ್ಷೆಯಲ್ಲಿ ಎರಡು ಪುಟ ಬರೆಯಬಲ್ಲಳು. ಬಾಟಲಿಯ ಸಣ್ಣಕ್ಷರ ಓದುವುದನ್ನು ಮಾತ್ರ ಅವಳಿಗೆ ಯಾರೂ ಅಭ್ಯಾಸ ಮಾಡಿಸಿರಲಿಲ್ಲ. ಕಲಿಸುವವರಲ್ಲಿ ನಾನೂ ಒಬ್ಬಳು, ಆ ಹೊಣೆ ನನ್ನದೂ ಹೌದು.

ಜಿಎನ್‌ಎಂ ಇರಲಿ, ಬಿ.ಎಸ್ಸಿ. ನರ್ಸಿಂಗ್ ಇರಲಿ, ನಮ್ಮ ಮಕ್ಕಳ ನೋಟ್ಸ್ ತೆರೆದು ನೋಡಿ. ಅಡ್ಡಪರಿಣಾಮ ಬರೆಯಿರಿ ಎಂದರೆ ಯಾವ ಮದ್ದಿಗಾದರೂ ವಾಕರಿಕೆ, ವಾಂತಿ, ತಲೆನೋವು, ತಲೆಸುತ್ತು. ಈ ನಾಲ್ಕನ್ನು ಬರೆದರೆ ಅಂಕ ಬೀಳುತ್ತದೆ. ಆದರೆ ವಾರ್ಡಿನಲ್ಲಿ ರಾತ್ರಿ ಎರಡು ಗಂಟೆಗೆ ಬೇಕಾಗುವ ತಿಳಿವಳಿಕೆ ಬೇರೆ. ಈ ಆ್ಯಂಪೂಲಿನ ಒಂದು ಎಂಎಲ್‌ನಲ್ಲಿ ಮದ್ದು ಎಷ್ಟಿದೆ, ಇದು ಕೆಟ್ಟರೆ ಮೊದಲು ಕೆಡಿಸುವುದು ಯಾವ ಅಂಗವನ್ನು, ಆ ಕೇಡು ರೋಗಿಯ ಮೈಮೇಲೆ ಮೊದಲು ಎಲ್ಲಿ ಕಾಣುತ್ತದೆ? ಪಟ್ಟಿ ಮರೆತರೂ ಚಿಂತೆಯಿಲ್ಲ, ಈ ಪ್ರಶ್ನೆಗಳು ಕೈಗೆ ರೂಢಿಯಾಗಬೇಕು.

ಪ್ಯಾರಾಸಿಟಮಾಲನ್ನೇ ತೆಗೆದುಕೊಳ್ಳಿ. ನಮ್ಮ ಊರುಗಳಲ್ಲಿ ಡೋಲೋ ಎಂಬುದು ಜ್ವರದ ಮಾತ್ರೆಗೇ ಹೆಸರಾಗಿಬಿಟ್ಟಿದೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು. 650ರ ಮಾತ್ರೆ ಆರು ನುಂಗಿದರೆ ಹೆಚ್ಚುಕಡಿಮೆ ಅಲ್ಲಿಗೇ ಬಂತು. ಕುಡಿತ ಇರುವವರಿಗೆ, ಸೊರಗಿದವರಿಗೆ, ಲಿವರ್ ಕೆಟ್ಟವರಿಗೆ ಇದಕ್ಕೂ ಕಡಿಮೆ. ನೆಗಡಿ ಮಾತ್ರೆ, ಮೈಕೈ ನೋವಿನ ಮಾತ್ರೆ ಹಲವದರಲ್ಲಿ ಇದೇ ಮದ್ದು ಬೇರೆ ಹೆಸರಿನಲ್ಲಿ ಅಡಗಿರುತ್ತದೆ. ಆದ್ದರಿಂದ ‘ಜ್ವರಕ್ಕೆ ಏನು ತಗೊಂಡ್ರಿ’ ಎಂದು ಕೇಳಿದರೆ ಸಾಲದು, ‘ಎರಡು ದಿನದಿಂದ ಯಾವ್ಯಾವ ಮಾತ್ರೆ ನುಂಗಿದ್ರಿ’ ಎಂದು ಕೇಳಬೇಕು. ಮಿತಿಮೀರಿ ಹೋದಾಗ ಮೊದಲ ದಿನ ರೋಗಿ ಚೆನ್ನಾಗಿಯೇ ಕಾಣುತ್ತಾನೆ. ಸ್ವಲ್ಪ ವಾಕರಿಕೆ, ಅಷ್ಟೇ. ಲಿವರ್ ಸೋಲುವುದು ಆಮೇಲೆ ತಿಳಿಯುತ್ತದೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಒಳ್ಳೆಯ ಪ್ರತಿಮದ್ದಿದೆ, ಆದರೆ ಅದು ಚೆನ್ನಾಗಿ ಕೆಲಸ ಮಾಡುವುದು ಮೊದಲ 8 ಗಂಟೆಯೊಳಗೆ ಶುರುವಾದರೆ. ಎಷ್ಟು ಹೊತ್ತಿಗೆ, ಎಷ್ಟು ಮಾತ್ರೆ ಎಂದು ಕೇಸ್ ಶೀಟಿನಲ್ಲಿ ಬರೆದಿಡುವ ನರ್ಸು ಅರ್ಧ ಚಿಕಿತ್ಸೆ ಮಾಡಿದ ಹಾಗೆ.

ಅಳತೆಯ ಗೊಂದಲ ಇನ್ಸುಲಿನ್‌ನಲ್ಲಿ ಇನ್ನೂ ಅಪಾಯಕಾರಿ. ನಮ್ಮ ದೇಶದಲ್ಲಿ ಇನ್ಸುಲಿನ್ ವೈಯಲ್ ಎರಡು ಬಗೆಯಲ್ಲಿ ಸಿಗುತ್ತದೆ, ಎಂಎಲ್‌ಗೆ 40 ಯೂನಿಟ್ಟಿನದು ಮತ್ತು 100 ಯೂನಿಟ್ಟಿನದು. ಸಿರಿಂಜೂ ಎರಡು ಬಗೆ. 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. ಡಾಕ್ಟರು 20 ಯೂನಿಟ್ ಬರೆದಿದ್ದಾರೆ ಎಂದಿಟ್ಟುಕೊಳ್ಳಿ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯ ತನಕ ಎಳೆದರೆ ಅಲ್ಲಿರುವುದು ಅರ್ಧ ಎಂಎಲ್, ಅಂದರೆ 50 ಯೂನಿಟ್. ಅದಲುಬದಲಾಗಿ 40ರ ಇನ್ಸುಲಿನ್ನನ್ನು ಕಿತ್ತಳೆ ಸಿರಿಂಜಿನಲ್ಲಿ ಎಳೆದರೆ ಬರೀ 8. ಮೊದಲನೆಯದರಲ್ಲಿ ರೋಗಿ ಬೆವೆತು ಬಿದ್ದುಹೋಗುತ್ತಾನೆ, ಎರಡನೆಯದರಲ್ಲಿ ಸಕ್ಕರೆ ಇಳಿಯದೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಆದ್ದರಿಂದ ವೈಯಲ್ಲನ್ನೂ ಸಿರಿಂಜನ್ನೂ ಅಕ್ಕಪಕ್ಕ ಹಿಡಿದು ಎರಡು ಸಂಖ್ಯೆ ಒಂದೇ ಎಂದು ನೋಡದೆ ಸೂಜಿ ಚುಚ್ಚಬೇಡಿ. ಮನೆಗೆ ಹೋಗುವ ರೋಗಿಗೂ ಇದನ್ನು ಕಣ್ಣಿಗೆ ತೋರಿಸಿಯೇ ಹೇಳಿ.

ಊಟದ ತಟ್ಟೆ ಬಂದಿದೆಯೇ ಎಂದು ನೋಡಿಕೊಂಡು ಇನ್ಸುಲಿನ್ ಕೊಡುವುದು ನನ್ನ ಹಟ. ಕೊಟ್ಟು, ಸ್ಕ್ಯಾನಿಂಗಿಗೆ ಖಾಲಿ ಹೊಟ್ಟೆಯಲ್ಲಿ ಕಳಿಸಿದ ರೋಗಿ ಕಾರಿಡಾರಿನಲ್ಲೇ ಮಂಪರಿಗೆ ಜಾರಿದ್ದನ್ನು ಕಂಡಿದ್ದೇನೆ. ಸಕ್ಕರೆ ಇಳಿದಾಗ ಬೆವರು, ನಡುಕ, ಎದೆ ಡವಡವ, ಆಮೇಲೆ ಅಸಂಬದ್ಧ ಮಾತು. ಅಟೆನೊಲಾಲ್, ಪ್ರೊಪ್ರನೊಲಾಲ್ ತೆಗೆದುಕೊಳ್ಳುವವರಲ್ಲಿ ನಡುಕ, ಡವಡವ ಕಾಣದೇ ಹೋಗಬಹುದು. ಬೆವರು ಮಾತ್ರ ಮರೆಯಾಗುವುದಿಲ್ಲ, ಹಣೆ ಮುಟ್ಟಿ ನೋಡಿ. ಎಚ್ಚರ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಕಾಲು ಗಂಟೆಗೆ ಮತ್ತೆ ರಕ್ತ ನೋಡಬೇಕು. ಎಚ್ಚರ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ರಕ್ತನಾಳಕ್ಕೇ ಡೆಕ್ಸ್‌ಟ್ರೋಸ್ ಕೊಡಬೇಕು.

ಇನ್ನು ನೋವಿನ ಇಂಜೆಕ್ಷನ್. ‘ಒಂದು ಸೂಜಿ ಹಾಕಿಬಿಡಿ ಸಿಸ್ಟರ್’ ಎಂಬ ಮಾತು ಕೇಳದ ದಿನವಿಲ್ಲ, ಆ ಸೂಜಿ ಸಾಮಾನ್ಯವಾಗಿ ಡೈಕ್ಲೊಫೆನಾಕ್. ಹೊಟ್ಟೆಯ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ, ಹೃದಯದ ಕಾಯಿಲೆ ಇವೆಯೇ ಎಂದು ಕೇಳದೆ ಇದನ್ನು ಮುಟ್ಟಬಾರದು. ಮಳೆಗಾಲದಲ್ಲಿ ಇನ್ನೊಂದು ಪ್ರಶ್ನೆ ಸೇರುತ್ತದೆ: ಇದು ಡೆಂಗಿ ಜ್ವರ ಇರಬಹುದೇ? ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಿರುವಾಗ ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವಕ್ಕೆ ದಾರಿ ಮಾಡಿಕೊಡುತ್ತವೆ. ಆಗ ಪ್ಯಾರಾಸಿಟಮಾಲ್ ಒಂದೇ ಗತಿ. ಕೊಡುವ ಜಾಗವೂ ಅಷ್ಟೇ ಮುಖ್ಯ, ಪಿರ್ರೆಯ ಮೇಲ್ಭಾಗದ ಹೊರಮೂಲೆ ಬಿಟ್ಟು ಕೆಳಗೆ ಜಾರಿದರೆ ಸಯಾಟಿಕ್ ನರಕ್ಕೆ ತಗುಲಿ ಪಾದ ಜೋಲುಬೀಳುತ್ತದೆ.

ಈ ಮದ್ದಿನ ಬಗ್ಗೆ ತರಗತಿಯಲ್ಲಿ ನಾನು ತಪ್ಪದೆ ಹೇಳುವ ಕತೆ ರಣಹದ್ದುಗಳದ್ದು. ದನಗಳ ನೋವಿಗೆ ಡೈಕ್ಲೊಫೆನಾಕ್ ಕೊಡುತ್ತಿದ್ದ ಕಾಲದಲ್ಲಿ, ಅಂಥ ದನದ ಹೆಣ ತಿಂದ ಹದ್ದುಗಳ ಕಿಡ್ನಿ ಕೈಕೊಟ್ಟು, ಯೂರಿಕ್ ಆಮ್ಲ ಒಳಗೆಲ್ಲ ಸುಣ್ಣದಂತೆ ಕಟ್ಟಿ ಅವು ಸತ್ತವು. ಆಕಾಶ ತುಂಬ ಹಾರುತ್ತಿದ್ದ ಹಕ್ಕಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹದಿನೈದಿಪ್ಪತ್ತು ವರ್ಷದೊಳಗೆ ಇಲ್ಲವಾದವು. 2006ರಲ್ಲಿ ಪಶುಗಳಿಗೆ ಇದನ್ನು ಕೊಡುವುದು ನಿಷೇಧವಾಯಿತು. ಮನುಷ್ಯರ ದೊಡ್ಡ ವೈಯಲ್‌ಗಳು ಕೊಟ್ಟಿಗೆಗೆ ಹೋಗುತ್ತಿದ್ದುದರಿಂದ 2015ರಲ್ಲಿ ಅವಕ್ಕೂ ತಡೆ ಬಿತ್ತು. ನಿಮ್ಮ ಟ್ರೇಯಲ್ಲಿ ಇರುವ 75 ಎಂಜಿಯ ಆ್ಯಂಪೂಲ್ ಒಬ್ಬರಿಗೆ ಒಂದು ಸಲಕ್ಕೆ ಆಗುವಷ್ಟೇ, 3 ಎಂಎಲ್. ಉಳಿದ ಹದ್ದುಗಳನ್ನು ನೋಡಬೇಕೆಂದರೆ ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಿ ತಲೆಯೆತ್ತಿ ಕಾಯಬೇಕು. ವಾಂತಿಭೇದಿಯಾಗಿ ನೀರಿಲ್ಲದೆ ಒಣಗಿದ ಎಪ್ಪತ್ತರ ಅಜ್ಜನಿಗೆ ಈ ಇಂಜೆಕ್ಷನ್ ಎಂದಾಗ ಆ ಹದ್ದುಗಳು ನೆನಪಾಗಲಿ. ಅಜ್ಜನ ಕಿಡ್ನಿಯೂ ಆಗ ಅಷ್ಟೇ ಸೂಕ್ಷ್ಮ.

ಹೃದಯದ ವಾರ್ಡಿನಲ್ಲಿ ಎರಡು ಮದ್ದುಗಳ ನಂಟು ತಿಳಿದಿರಬೇಕು. ಫ್ರುಸಮೈಡ್, ಎಲ್ಲರ ಬಾಯಲ್ಲಿ ಲ್ಯಾಸಿಕ್ಸ್, ಮೈಯ ಊತವನ್ನು ಮೂತ್ರವಾಗಿ ಇಳಿಸುತ್ತದೆ. ಅದರ ಜೊತೆ ಪೊಟ್ಯಾಶಿಯಮ್ಮೂ ಇಳಿದುಹೋಗುತ್ತದೆ. ಪೊಟ್ಯಾಶಿಯಮ್ ಕಡಿಮೆಯಾದ ಹೃದಯಕ್ಕೆ ಡಿಗಾಕ್ಸಿನ್ ಮಾಮೂಲಿ ಪ್ರಮಾಣದಲ್ಲೇ ವಿಷವಾಗಬಹುದು. ಊಟ ಸೇರುತ್ತಿಲ್ಲ, ವಾಕರಿಕೆ, ದೀಪದ ಸುತ್ತ ಹಳದಿ ಕಾಣುತ್ತದೆ ಎಂದು ರೋಗಿ ಹೇಳಿದರೆ ಆಸ್ಪತ್ರೆಯ ಊಟ ಸರಿಯಿಲ್ಲ ಎಂದು ತಳ್ಳಿಹಾಕಬೇಡಿ. ಡಿಗಾಕ್ಸಿನ್ ಕೊಡುವ ಮುಂಚೆ ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸಬೇಕು. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವುದು ಇಲ್ಲಿ ನಡೆಯದು, ತಾಳ ತಪ್ಪಿದ ಹೃದಯದ ಲೆಕ್ಕ ಹಾಗೆ ಸಿಗುವುದಿಲ್ಲ. ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಕೊಡದೆ ಡಾಕ್ಟರಿಗೆ ತಿಳಿಸಿ. ಲ್ಯಾಸಿಕ್ಸ್ ಇಂಜೆಕ್ಷನ್ ಅವಸರದಲ್ಲಿ ದೂಡಿದರೆ ಕಿವಿ ಕೆಡುತ್ತದೆ, ನಿಧಾನವಾಗಿ ಕೊಡಿ. ಮಾತ್ರೆಯಾದರೆ ಬೆಳಿಗ್ಗೆ, ಇಲ್ಲದಿದ್ದರೆ ವಯಸ್ಸಾದವರು ರಾತ್ರಿಯೆಲ್ಲ ಶೌಚಾಲಯಕ್ಕೆ ಎದ್ದು ಕತ್ತಲಲ್ಲಿ ಜಾರಿ ಬೀಳುತ್ತಾರೆ.

ಇಳಿದ ಪೊಟ್ಯಾಶಿಯಮ್ ತುಂಬಿಕೊಡಲು ಇರುವ ಪೊಟ್ಯಾಶಿಯಮ್ ಕ್ಲೋರೈಡ್ ಆ್ಯಂಪೂಲ್ ಬಗ್ಗೆ ನಾನು ಗಟ್ಟಿ ದನಿಯಲ್ಲೇ ಹೇಳುತ್ತೇನೆ. 10 ಎಂಎಲ್, ನೀರಿನಂತೆ ತಿಳಿ, ಡಿಸ್ಟಿಲ್ಡ್ ವಾಟರಿನ ಆ್ಯಂಪೂಲಿನ ತಂಗಿಯಂತೆ ಕಾಣುತ್ತದೆ. ಅದರಲ್ಲಿ 20 ಮಿಲಿ ಈಕ್ವಿವಲೆಂಟ್ ಇದೆ. ನೇರವಾಗಿ ರಕ್ತನಾಳಕ್ಕೆ ಹೋದರೆ ಹೃದಯ ನಿಲ್ಲುತ್ತದೆ, ಮತ್ತೆ ಹೊಡೆಯದೇ ಹೋಗಬಹುದು. ದೊಡ್ಡ ಬಾಟಲಿಯ ದ್ರವದಲ್ಲಿ ಬೆರೆಸಿ, ಸಾಮಾನ್ಯ ವಾರ್ಡಿನಲ್ಲಿ ಗಂಟೆಗೆ 10 ಮಿಲಿ ಈಕ್ವಿವಲೆಂಟ್ ಮೀರದಂತೆ ಹನಿಸಬೇಕು. ರೋಗಿಗೆ ಮೂತ್ರ ಸರಿಯಾಗಿ ಹೋಗುತ್ತಿದೆಯೇ ಎಂದು ಮೊದಲೇ ನೋಡಿರಬೇಕು. ನೇತುಹಾಕಿದ ಬಾಟಲಿಗೆ ಚುಚ್ಚಿ ಹಾಗೇ ಬಿಡಬಾರದು. ಅದು ತಳದಲ್ಲಿ ನಿಂತು ಒಮ್ಮೆಲೇ ಇಳಿಯುತ್ತದೆ. ಬಾಟಲಿ ಕೆಳಗಿಳಿಸಿ, ತಿರುಗಿಸಿ ಮುರುಗಿಸಿ ಚೆನ್ನಾಗಿ ಬೆರೆಸಿ, ಮೇಲೆ ಚೀಟಿ ಅಂಟಿಸಿ. ಈ ಆ್ಯಂಪೂಲನ್ನು ಉಳಿದ ಮದ್ದಿನ ಟ್ರೇಯಲ್ಲಿ ಇಡದೆ ಬೇರೆ ಕಡೆ ಬೀಗ ಹಾಕಿಡುವ ವಾರ್ಡು ಒಳ್ಳೆಯ ವಾರ್ಡು.

ಹಳ್ಳಿಗಾಡಿಗೆ ಹತ್ತಿರದ ಆಸ್ಪತ್ರೆಯಲ್ಲಿ ಕೆಲಸ ಕಲಿಯುವವರು ಬೇಗನೆ ಮುಖಾಮುಖಿಯಾಗುವುದು ಕೀಟನಾಶಕದ ವಿಷಕ್ಕೆ. ನಮ್ಮ ರೈತರು ಬೆಳೆಗೆ ಹೊಡೆಯುವುದನ್ನೂ ಔಷಧಿ ಎನ್ನುತ್ತಾರೆ, ಕೆಲವು ಕಡೆ ಎಣ್ಣೆ ಎನ್ನುತ್ತಾರೆ. ಗಾಳಿಗೆದುರಾಗಿ ಬರಿಮೈಯಲ್ಲಿ ಸಿಂಪಡಿಸಿದವರು ಬರುತ್ತಾರೆ, ಮನಸ್ಸು ಮುರಿದು ಕುಡಿದವರೂ ಬರುತ್ತಾರೆ. ಜೊಲ್ಲು, ಬೆವರು, ಕಣ್ಣೀರು, ಎದೆಯಲ್ಲಿ ಗೊರಗೊರ, ಸಾಸಿವೆ ಕಾಳಿನಷ್ಟಾದ ಕಣ್ಣಪಾಪೆ. ಆರ್ಗನೊಫಾಸ್ಫರಸ್ ಎಂದು ಗುರುತಾದರೆ ಕೈಗೆ ಬರುವುದು ಅಟ್ರೊಪಿನ್. ಪುಸ್ತಕದಲ್ಲಿ ಒಂದು ಆ್ಯಂಪೂಲ್, 0.6 ಎಂಜಿ ಎಂದು ಓದಿದ ಹುಡುಗಿ ಇಲ್ಲಿ ಮೂರೋ ಐದೋ ಆ್ಯಂಪೂಲಿನಿಂದ ಶುರುಮಾಡಿ, ಐದು ನಿಮಿಷಕ್ಕೊಮ್ಮೆ ಅದನ್ನು ದುಪ್ಪಟ್ಟು ಮಾಡುತ್ತಾ ಹೋಗುವುದನ್ನು ಕಂಡು ಹೆದರುತ್ತಾಳೆ. ರಾತ್ರಿ ಮುಗಿಯುವಷ್ಟರಲ್ಲಿ ಟ್ರೇ ತುಂಬ ಒಡೆದ ಗಾಜು. ಹೆದರಬೇಕಾಗಿಲ್ಲ, ಯಾಕೆಂದರೆ ಇಲ್ಲಿ ಪ್ರಮಾಣ ಹೇಳುವುದು ರೋಗಿಯ ಮೈ. ಎದೆಯ ಗೊರಗೊರ ತಿಳಿಯಾಗಬೇಕು, ನಾಡಿ 80 ದಾಟಬೇಕು, ರಕ್ತದೊತ್ತಡದ ಮೇಲಿನ ಸಂಖ್ಯೆಯೂ 80 ದಾಟಬೇಕು, ಕಂಕುಳು ಒಣಗಬೇಕು. ಕಂಕುಳಿಗೆ ಕೈಹಾಕಿ ನೋಡುವುದು ನಮ್ಮ ವಾರ್ಡಿನ ಹಳೆಯ ಪಾಠ, ಇವತ್ತಿಗೂ ಬದಲಾಗಿಲ್ಲ.

ಅತಿಯಾದರೂ ಮೈಯೇ ಹೇಳುತ್ತದೆ. ಜ್ವರ ಏರುತ್ತದೆ, ಹೊಟ್ಟೆಯ ಸದ್ದು ನಿಲ್ಲುತ್ತದೆ, ರೋಗಿ ಗಾಳಿಯಲ್ಲಿ ಏನನ್ನೋ ಹಿಡಿಯುವಂತೆ, ಹೊದಿಕೆ ಕೀಳುವಂತೆ ಆಡುತ್ತಾನೆ. ಆಗ ಅವನನ್ನು ಮಂಚಕ್ಕೆ ಕಟ್ಟುವ ಬದಲು ಡಾಕ್ಟರನ್ನು ಕರೆದು ಅಟ್ರೊಪಿನ್ ಡ್ರಿಪ್ ತಡೆಯುವ ಮಾತಾಡಬೇಕು. ಮತ್ತೆ ಜೊಲ್ಲು, ಬೆವರು ಶುರುವಾದರೆ ವಿಷ ಮರಳಿದೆ ಎಂದರ್ಥ, ಬೆಳಗಿನ ಜಾವದ ನಿದ್ದೆಗಣ್ಣಿನಲ್ಲಿ ಇದು ತಪ್ಪಿಹೋಗುತ್ತದೆ. ನೀವು ಕೈಗವಸು ಹಾಕಿ, ರೋಗಿಯ ಬಟ್ಟೆ ಕಳಚಿ, ಮೈ ಕೂದಲು ತೊಳೆಯುವುದನ್ನು ಮರೆಯಬೇಡಿ. ಕುಡಿದು ಬಂದವರಿಗೆ ಬುದ್ಧಿಮಾತು ಹೇಳುವ ಹೊತ್ತು ಅದಲ್ಲ ಎಂಬುದನ್ನೂ. ಪಕ್ಕದಲ್ಲಿ ಕೂತು ಕಂಕುಳು ಮುಟ್ಟಿ ನೋಡುವ ಕೈ, ಮಾತಿಲ್ಲದೆಯೇ ಅವರಿಗೆ ಬೇಕಾದದ್ದನ್ನು ಹೇಳುತ್ತಿರುತ್ತದೆ.

ಹೆರಿಗೆ ವಾರ್ಡಿನ ಮೆಗ್ನೀಶಿಯಮ್ ಸಲ್ಫೇಟ್ ಕೂಡ ಇದೇ ಜಾತಿಯದು. ಬಿಪಿ ಏರಿ ಫಿಟ್ಸ್ ಬರುವ ಬಸುರಿಯರ ಜೀವ ಉಳಿಸುವ ಮದ್ದು. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಮ್ಯಾಗ್‌ಪೈ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಇದನ್ನು ಕೊಟ್ಟರೆ ಫಿಟ್ಸ್ ಬರುವ ಸಂಭವ ಅರ್ಧಕ್ಕಿಂತ ಕೆಳಗಿಳಿಯುತ್ತದೆಂದು ಅದು ತೋರಿಸಿತು. 50 ಪರ್ಸೆಂಟಿನ 2 ಎಂಎಲ್ ಆ್ಯಂಪೂಲಿನಲ್ಲಿ 1 ಗ್ರಾಂ ಇರುತ್ತದೆ. ಮೊದಲ ಸುತ್ತಿಗೆ 4 ಗ್ರಾಂ ರಕ್ತನಾಳಕ್ಕೆ, ಅದನ್ನು 20 ಪರ್ಸೆಂಟಿಗೆ ತೆಳುಮಾಡಿ ನಿಧಾನವಾಗಿ. ಆಮೇಲೆ ಎರಡೂ ಪಿರ್ರೆಗೆ ಐದೈದು ಗ್ರಾಂ. ಒಟ್ಟು ಹದಿನಾಲ್ಕು ಆ್ಯಂಪೂಲ್. ಎಣಿಸಿ, ಇನ್ನೊಬ್ಬರ ಬಾಯಲ್ಲೂ ಎಣಿಸಿ. ನಾಲ್ಕು ಗಂಟೆಗೊಮ್ಮೆ ಮುಂದಿನ 5 ಗ್ರಾಂ ಕೊಡುವ ಮುಂಚೆ ಮೊಣಕಾಲಿನ ಕೆಳಗೆ ತಟ್ಟಿ ಕಾಲು ಒದೆಯುತ್ತದೆಯೇ ನೋಡಬೇಕು, ಉಸಿರು ನಿಮಿಷಕ್ಕೆ 16 ಆದರೂ ಇರಬೇಕು, ಮೂತ್ರ ಗಂಟೆಗೆ 30 ಎಂಎಲ್ ಆದರೂ ಇರಬೇಕು. ಮದ್ದು ಮಿತಿಮೀರಿದಾಗ ಮೊದಲು ಹೋಗುವುದು ಮೊಣಕಾಲಿನ ಒದೆತ, ಉಸಿರು ನಿಲ್ಲುವುದು ಅದರ ನಂತರ. ತಾಯಿಯ ಮೈ ಮುಂಚೆಯೇ ಎಚ್ಚರಿಕೆ ಕೊಡುತ್ತದೆ, ನೋಡುವವರು ಬೇಕು. ಕ್ಯಾಲ್ಸಿಯಂ ಗ್ಲೂಕೊನೇಟ್ 10 ಎಂಎಲ್ ಹಾಸಿಗೆಯ ಪಕ್ಕದಲ್ಲೇ ಇರಲಿ, ಬೀರುವಿನಲ್ಲಲ್ಲ.

ಆ್ಯಂಟಿಬಯಾಟಿಕ್‌ಗಳ ಪಟ್ಟಿ ದೊಡ್ಡದು, ಎಲ್ಲವನ್ನೂ ಇಲ್ಲಿ ಹೇಳುವುದಿಲ್ಲ. ಸೆಫ್ಟ್ರಿಯಾಕ್ಸೋನ್ ಹೋಗುವ ಲೈನಿನಲ್ಲಿ ರಿಂಗರ್ ಲ್ಯಾಕ್ಟೇಟ್ ಜೊತೆಗೂಡಬಾರದು, ಅದರಲ್ಲಿನ ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟುತ್ತದೆ. ವ್ಯಾಂಕೊಮೈಸಿನ್ ಒಂದು ಗಂಟೆಗಿಂತ ಬೇಗ ಹರಿಸಬಾರದು. ಜೆಂಟಾಮೈಸಿನ್ ಕಿವಿ, ಕಿಡ್ನಿ ಎರಡನ್ನೂ ಕೆಣಕುತ್ತದೆ. ಆದರೆ ಅಲರ್ಜಿಯ ಬಗ್ಗೆ ಒಂದು ಮಾತು ಬಿಡಲಾರೆ. ಟೆಸ್ಟ್ ಡೋಸ್ ಏನೂ ಆಗಲಿಲ್ಲ ಎಂದ ಮಾತ್ರಕ್ಕೆ ಪೂರ್ತಿ ಡೋಸ್ ನಿರಪಾಯ ಎಂದಲ್ಲ. ಇಂಜೆಕ್ಷನ್ ಆದಮೇಲೆ ಗಂಟಲು ಕಟ್ಟಿ, ಉಸಿರು ಸಿಳ್ಳೆಯಾಗಿ, ಬಿಪಿ ಕುಸಿದರೆ ನಮ್ಮ ವಾರ್ಡುಗಳಲ್ಲಿ ಕೈ ಮೊದಲು ಹೋಗುವುದು ಏವಿಲ್, ಡೆಕ್ಸಾ ಕಡೆಗೆ. ಈ ರೂಢಿ ಬಿಡಲೇಬೇಕು. ಮೊದಲು ಅಡ್ರಿನಲಿನ್. ಎಂಎಲ್‌ಗೆ 1 ಎಂಜಿಯ ಆ್ಯಂಪೂಲಿನಿಂದ ದೊಡ್ಡವರಿಗೆ ಅರ್ಧ ಎಂಎಲ್, ತೊಡೆಯ ಹೊರಬದಿಯ ಮಾಂಸಖಂಡಕ್ಕೆ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ. ಉಳಿದವೆಲ್ಲ ಆಮೇಲೆ. ಆ್ಯಂಟಿಬಯಾಟಿಕ್ ಕೊಡುವ ಮುಂಚೆ ಎಮರ್ಜೆನ್ಸಿ ಟ್ರೇಯಲ್ಲಿ ಅಡ್ರಿನಲಿನ್ ಇದೆಯೇ, ಅವಧಿ ಮುಗಿದಿಲ್ಲವೇ ಎಂದು ನೋಡಿಯೇ ಮುಂದುವರಿಯಿರಿ.

ಹೊರರೋಗಿ ವಿಭಾಗದ ಮದ್ದುಗಳು ಇಷ್ಟು ಭಯಂಕರವಲ್ಲ, ಆದರೆ ಅಲ್ಲಿ ಜನ ಮಾತ್ರೆ ಬಿಡುವುದೇ ಅಡ್ಡಪರಿಣಾಮದ ಮಾಹಿತಿ ಇಲ್ಲದ್ದರಿಂದ. ಆಮ್ಲೊಡಿಪಿನ್ ತೆಗೆದುಕೊಂಡವರ ಪಾದ ಊದುತ್ತದೆ, ಕಿಡ್ನಿ ಹೋಯಿತೆಂದು ಹೆದರಿ ನಿಲ್ಲಿಸುತ್ತಾರೆ. ಎನಲಾಪ್ರಿಲ್ ಒಣಕೆಮ್ಮು ತರುತ್ತದೆ, ಅದಕ್ಕೆ ತಿಂಗಳುಗಟ್ಟಲೆ ಕೆಮ್ಮಿನ ಸಿರಪ್ ಕುಡಿಯುತ್ತಾರೆ. ಇದೇ ಎನಲಾಪ್ರಿಲ್ ಬಸುರಿಯರಿಗೆ ಸಲ್ಲದು. ಮೆಟ್‌ಫಾರ್ಮಿನ್ ಖಾಲಿ ಹೊಟ್ಟೆಗೆ ನುಂಗಿ ಹೊಟ್ಟೆ ಕೆಟ್ಟಿತೆಂದು ಡಬ್ಬಿಯನ್ನೇ ಎಸೆಯುತ್ತಾರೆ. ಹೀಗಾಗಬಹುದು, ಆದರೆ ಬಂದು ನಮಗೆ ಹೇಳಿ, ಮಾತ್ರೆ ಬದಲಿಸಿಕೊಡುತ್ತಾರೆ ಎಂಬ ಒಂದು ಮಾತು ಮಾತ್ರೆ ಕೊಡುವಾಗಲೇ ಸೇರಬೇಕು.

ಆ ಎರಡನೇ ವರ್ಷದ ಹುಡುಗಿ ಈಗ ಮೂರನೇ ವರ್ಷದಲ್ಲಿದ್ದಾಳೆ. ಹೋದ ವಾರ ಗರ್ಭಿಣಿಯರ ತಪಾಸಣೆಯ ದಿನ ಅವಳ ಜೊತೆ ಕೂತಿದ್ದೆ. ಐದು ತಿಂಗಳ ಬಸುರಿ, ಕೆಂಪು ಐರನ್ ಮಾತ್ರೆ ದಿನಾ ತಪ್ಪದೆ ನುಂಗುತ್ತಿದ್ದಾಳೆ, ರಕ್ತ ಮಾತ್ರ ಏರುತ್ತಿಲ್ಲ. ಹುಡುಗಿ ಸ್ಟ್ರಿಪ್ ತಿರುಗಿಸಿ 60 ಎಂಜಿ ಎಂದು ಓದಿಕೊಂಡಳು. ಆಮೇಲೆ ಕೇಳಿದಳು: ‘ಯಾವುದರ ಜೊತೆ ನುಂಗ್ತೀರಕ್ಕಾ?’

‘ಬೆಳಿಗ್ಗೆ ಕಾಫಿ ಜೊತೆ.’

‘ಕಾಫಿ, ಟೀ ಎರಡೂ ಐರನ್ ಮೈಗೆ ಹತ್ತದ ಹಾಗೆ ಮಾಡ್ತವೆ ಅಕ್ಕಾ. ರಾತ್ರಿ ಊಟ ಆಗಿ ಸ್ವಲ್ಪ ಹೊತ್ತಿಗೆ, ನಿಂಬೆಹಣ್ಣಿನ ನೀರಲ್ಲಿ ನುಂಗಿ. ಕ್ಯಾಲ್ಸಿಯಂ ಮಾತ್ರೆ ಬೆಳಿಗ್ಗೆ, ಎರಡೂ ಒಟ್ಟಿಗೆ ಬೇಡ. ಮಲ ಕಪ್ಪಗೆ ಹೋಗುತ್ತೆ, ಹೆದರ್ಬೇಡಿ.’

‘ಕಪ್ಪಗೆ ಹೋಗ್ತಿದೆ ಅಂತ ನಡುವೆ ಹತ್ತು ದಿನ ಬಿಟ್ಟಿದ್ದೆ’ ಎಂದಳು ಆಕೆ, ಅದುವರೆಗೆ ಯಾರಿಗೂ ಹೇಳಿರದ ಮಾತನ್ನು. ಹುಡುಗಿ ತಾಯಿ ಕಾರ್ಡಿನಲ್ಲಿ ಅದನ್ನು ಬರೆದುಕೊಂಡಳು.